ಚೆನ್ನಾಗಿಯೇ ಇರುವ ಕುಕ್ಕರನ್ನು ಹಿಂತಿರುಗಿಸುವುದೇಕೆ?

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಕಮಲಾಪುರವೆಂಬ ಊರುಂಟು. ಅಲ್ಲಿಯ ಕೆಂಪು ಬಾಳೆಯ ಹಣ್ಣು ಹೆಸರುವಾಸಿಯಾದುದು. ಸುತ್ತಣ ಕರಿಯ ನೆಲದಲ್ಲಿ ಬೆಳೆಯುವ ತೊಗರಿಯಂತೂ ನಮ್ಮ ಜಿಲ್ಲೆಯ ಜೀವನಾಧಾರ. ತೊಗರಿಯ ಬೇಳೆ ಬೇಯದ ಮನೆ ಇಲ್ಲಿಲ್ಲ. ಅದನ್ನು ಬೇಯಿಸಲು ಪ್ರೆಶರ್ ಕುಕ್ಕರ್ ಇಲ್ಲದ ಮನೆಯೂ ಈಗ ವಿರಳವೇ.

ನನ್ನ ಅಕ್ಕನ ಮನೆ ಇರುವುದು ಈ ಊರಿನಲ್ಲಿ. ಎರಡು ವರ್ಷಗಳ ಹಿಂದೆ ಕಲಬುರಗಿಯ ಅಂಗಡಿಯೊಂದರಲ್ಲಿ ನಾನು ಒಂದೇ ಬಗೆಯ ಎರಡು ಕುಕ್ಕರುಗಳನ್ನು ಕೊಂಡಿದ್ದೆ. ಒಂದನ್ನು ಅಕ್ಕನಿಗೆ ಕೊಟ್ಟೆ. ಇನ್ನೊಂದನ್ನು ಚಿಂಚೋಳಿಯಲ್ಲಿ ನಡೆದ ಬಂಧುಗಳ ಮದುವೆಯಲ್ಲಿ ಉಡುಗೊರೆಯಾಗಿ ಕೊಟ್ಟೆ. ಬಿಲ್ಲಿನಲ್ಲಿ ನನ್ನ ಹೆಸರು ವಿಳಾಸಗಳಿದ್ದುವು. ಇತ್ತೀಚೆಗೆ ತಯಾರಕರಿಂದ ನನಗೊಂದು ಪತ್ರ ಬಂದಿತು. ಇಂತಿಂಥ ತಿಂಗಳಲ್ಲಿ ತಯಾರಾದ, ಇಂತಿಂಥ ತಂಡಸಂಖ್ಯೆಯುಳ್ಳ ಕುಕ್ಕರುಗಳ ಸುರಕ್ಷಾ ಕವಾಟದಲ್ಲಿ ದೋಷವಿರುವ ಸಂಭವ ಕಂಡುಬಂದಿದೆ. ಅವುಗಳ ಬಳಕೆಯನ್ನು ಕೂಡಲೆ ನಿಲ್ಲಿಸಬೇಕು. ಹಿಂತಿರುಗಿಸಿದವರಿಗೆ ಬೇರೆ ಕುಕ್ಕರನ್ನು ಕೊಡಲಾಗುವುದು ಎಂಬುದು ಪತ್ರದ ಸಾರಾಂಶ.

ನಾನು ಕಮಲಾಪುರಕ್ಕೆ ಹೋಗಿ ವಿಷಯವನ್ನು ತಿಳಿಸಿದೆ. ಅಕ್ಕ ನಕ್ಕುಬಿಟ್ಟಳು. “ತಮ್ಮಾ, ಕುಕ್ಕರ ಛಲೋ ಅದ. ಎರಡು ವರ್ಷಾತು, ದಿನಾ ಬ್ಯಾಳಿ ಕುದಸ್ತೀನಿ, ಸೀಟಿ ಸರಿಯಾಗಿ ಹೊಡಿತದ. ಛಲೋ ಇದ್ದ ಸಾಮಾನ ತಿರುಗಿ ಯಾಕ ಕೊಡಬೇಕು?”

ಈ ಪ್ರಶ್ನೆಯಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಏಳುನೂರು ದಿನ ತಪ್ಪದೆ ಕೆಲಸ ಮಾಡಿದ ಉಪಕರಣವನ್ನು ನಂಬದೆ, ಎಲ್ಲಿಯೋ ಕುಳಿತವರು ಬರೆದ ಪತ್ರವನ್ನು ನಂಬಬೇಕೆ? ಇದಕ್ಕೆ ಉತ್ತರ ಕೊಡಬೇಕಾದರೆ ಕುಕ್ಕರಿನ ಒಳಗೆ ಏನು ನಡೆಯುತ್ತದೆಂಬುದನ್ನು ಮೊದಲು ಅರಿಯಬೇಕು.

ಮುಚ್ಚಳದ ಕೆಳಗಿನ ಬಲ

ನೀರು ೧೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆಂದು ನಾವು ಶಾಲೆಯಲ್ಲಿ ಕಲಿಯುತ್ತೇವೆ. ಇದು ಸಮುದ್ರಮಟ್ಟದ ಮಾತು. ಮೇಲಕ್ಕೆ ಹೋದಂತೆ ವಾಯುವಿನ ಒತ್ತಡ ಕಡಮೆಯಾಗಿ, ಸುಮಾರು ೩೦೦ ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುತ್ತದೆ. ಕಲಬುರಗಿಯು ಸಮುದ್ರಮಟ್ಟದಿಂದ ಸುಮಾರು ೪೫೦ ಮೀಟರ್ ಎತ್ತರದಲ್ಲಿದೆ. ಆದುದರಿಂದ ನಮ್ಮಲ್ಲಿ ತೆರೆದ ಪಾತ್ರೆಯ ನೀರು ೯೮.೫ ಡಿಗ್ರಿಯ ಹೊತ್ತಿಗೇ ಕುದಿಯತೊಡಗುತ್ತದೆ. ಆ ಮೇಲೆ ಎಷ್ಟು ಉರಿ ಹಾಕಿದರೂ ನೀರು ಬೇಗ ಆವಿಯಾಗಿ ಹೋದೀತೇ ಹೊರತು ಅದರ ಉಷ್ಣತೆ ಏರದು.

ಪಾತ್ರೆಯನ್ನು ಬಿಗಿಯಾಗಿ ಮುಚ್ಚಿದರೆ ಸಂಗತಿಯೇ ಬೇರೆ. ಹೊರಗೆ ಹೋಗಲಾರದ ಆವಿ ನೀರಿನ ಮೇಲೆ ಒತ್ತುತ್ತದೆ; ಒತ್ತಡ ಹೆಚ್ಚಿದಂತೆ ಕುದಿಯುವ ಬಿಂದುವೂ ಏರುತ್ತದೆ. ಮನೆಯ ಕುಕ್ಕರಿನಲ್ಲಿ ಹೊರಗಿನ ವಾಯುಭಾರಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂನಷ್ಟು ಅಧಿಕ ಒತ್ತಡವಿರುತ್ತದೆ. ಆಗ ಒಳಗಿನ ಉಷ್ಣತೆ ೧೨೦ ಡಿಗ್ರಿಯ ಸಮೀಪಕ್ಕೆ ಬರುತ್ತದೆ. ತೆರೆದ ಪಾತ್ರೆಗಿಂತ ಇದು ೨೦ ಡಿಗ್ರಿ ಹೆಚ್ಚು. ಹತ್ತು ಡಿಗ್ರಿ ಏರಿದಾಗ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆಂಬ ಸ್ಥೂಲ ನಿಯಮವೊಂದುಂಟು. ಅದರಂತೆ ಬೇಳೆ ಕುಕ್ಕರಿನಲ್ಲಿ ನಾಲ್ಕು ಪಾಲು ಬೇಗ ಬೇಯಬೇಕು. ಅನುಭವವೂ ಇದಕ್ಕೆ ದೂರವಿಲ್ಲ.

ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ ಎಂಬುದು ಕೇಳುವುದಕ್ಕೆ ಅಲ್ಪವೆನಿಸೀತು. ಆದರೆ ಕುಕ್ಕರಿನ ಬಾಯಿಯ ವ್ಯಾಸ ೨೦ ಸೆಂಟಿಮೀಟರ್ ಇದ್ದರೆ ಅದರ ವಿಸ್ತೀರ್ಣ ೩೧೪ ಚದರ ಸೆಂಟಿಮೀಟರ್. ಎಂದರೆ ಮುಚ್ಚಳವನ್ನು ಮೇಲಕ್ಕೆ ನೂಕುವ ಬಲ ೩೧೪ ಕಿಲೋಗ್ರಾಂ ತೂಕಕ್ಕೆ ಸಮ! ಕಲಬುರಗಿಯ ಮಾರುಕಟ್ಟೆಯಲ್ಲಿ ಪೇರಿಸಿಟ್ಟ ೫೦ ಕಿಲೋಗ್ರಾಂನ ಆರು ತೊಗರಿಚೀಲಗಳನ್ನು ಮುಚ್ಚಳದ ಮೇಲಿಟ್ಟರೂ ಅದು ಸರಿದೂಗುವುದು ಕಷ್ಟ. ಇಷ್ಟು ಬಲವನ್ನು ಲೋಹದ ಅಂಚುಗಳೂ ಹಿಡಿಕೆಗಳೂ ದಿನವೂ ಸದ್ದಿಲ್ಲದೆ ತಡೆದುಕೊಂಡಿರುತ್ತವೆ.

ಒತ್ತಡವೊಂದೇ ಅಲ್ಲ, ೧೨೦ ಡಿಗ್ರಿಯ ನೀರಿನಲ್ಲಿ ಅಡಗಿರುವ ಶಾಖವೂ ಗಮನಾರ್ಹ. ಮುಚ್ಚಳವು ಥಟ್ಟನೆ ಕಳಚಿಕೊಂಡಿತೆಂದು ಇಟ್ಟುಕೊಳ್ಳೋಣ. ಒಂದು ಲೀಟರ್ ನೀರು ೧೨೦ರಿಂದ ೧೦೦ ಡಿಗ್ರಿಗೆ ಇಳಿಯುವಾಗ ೨೦,೦೦೦ ಕ್ಯಾಲೊರಿ ಶಾಖವನ್ನು ಬಿಟ್ಟುಕೊಡಬೇಕು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೫೪೦ ಕ್ಯಾಲೊರಿ ಬೇಕು. ಭಾಗಿಸಿ ನೋಡಿದರೆ ಸುಮಾರು ೩೭ ಗ್ರಾಂ ನೀರು ಕ್ಷಣಮಾತ್ರದಲ್ಲಿ ಆವಿಯಾಗುತ್ತದೆಂದು ತಿಳಿಯುತ್ತದೆ. ಈ ೩೭ ಗ್ರಾಂ ನೀರು ಆವಿಯಾಗಿ ಹರಡಿದಾಗ ೬೦ ಲೀಟರಿಗೂ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಆಸ್ಫೋಟವೆಂದರೆ ಇದೇ. ಬಿಸಿ ಬೇಳೆಯನ್ನೂ ಲೋಹದ ಮುಚ್ಚಳವನ್ನೂ ಅಡಿಗೆಮನೆಯ ಸೂರಿನವರೆಗೆ ಎಸೆಯುವುದು ಈ ಆವಿಯೇ.

ಎರಡು ಕಾವಲುಗಾರರು

ಈ ಅಪಾಯವನ್ನು ಕುಕ್ಕರಿನ ಮೂಲಪುರುಷನೇ ಅರಿತಿದ್ದನು. ಫ್ರಾನ್ಸಿನ ಡೆನಿಸ್ ಪೇಪಿನ್ ಎಂಬ ವಿಜ್ಞಾನಿಯು ೧೬೭೯ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಎಲುಬುಗಳನ್ನೂ ಮೆತ್ತಗಾಗಿಸುವ ತನ್ನ ಮುಚ್ಚಿದ ಪಾತ್ರೆಯನ್ನು ಪ್ರದರ್ಶಿಸಿದನು. ಪಾತ್ರೆ ಸಿಡಿಯದಿರಲೆಂದು ಸನ್ನೆಗೋಲಿನ ತುದಿಗೆ ತೂಕ ಕಟ್ಟಿದ ಕವಾಟವೊಂದನ್ನೂ ಅದಕ್ಕೆ ಅಳವಡಿಸಿದನು. ಮುಂದೆ ಉಗಿಯಂತ್ರಗಳನ್ನು ಕಾಪಾಡಿದುದು ಇದೇ ತತ್ತ್ವ.

ನಮ್ಮ ಕುಕ್ಕರಿನ ‘ಸೀಟಿ’ಯೂ ಇಂಥದೊಂದು ತೂಕವೇ. ಆವಿ ಹೊರಬರುವ ರಂಧ್ರದ ವ್ಯಾಸ ೩ ಮಿಲಿಮೀಟರ್ ಎಂದು ಭಾವಿಸಿ. ಅದರ ವಿಸ್ತೀರ್ಣ ಸುಮಾರು ೭ ಚದರ ಮಿಲಿಮೀಟರ್. ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ ಎಂದರೆ ಚದರ ಮಿಲಿಮೀಟರಿಗೆ ೧೦ ಗ್ರಾಂ. ಆದುದರಿಂದ ರಂಧ್ರದ ಮೇಲೆ ೭೦ ಗ್ರಾಂ ತೂಕವನ್ನು ಇಟ್ಟರೆ, ಒತ್ತಡ ಆ ಮಿತಿಯನ್ನು ಮುಟ್ಟಿದಾಗ ಆವಿ ತೂಕವನ್ನು ಎತ್ತಿ ಹೊರನುಗ್ಗುತ್ತದೆ. ಮಿತಿಗಿಂತ ಕೆಳಗಿಳಿದಾಗ ತೂಕ ಮತ್ತೆ ಕುಳಿತುಕೊಳ್ಳುತ್ತದೆ. ಮೂರು ಕ್ವಿಂಟಲ್ ಬಲಕ್ಕೆ ೭೦ ಗ್ರಾಂ ತೂಕದ ಒಬ್ಬ ಕಾವಲುಗಾರ!

ಈ ಕಾವಲುಗಾರನು ಸೋಲುವುದುಂಟು. ತೊಗರಿಬೇಳೆ ಬೇಯುವಾಗ ನೊರೆ ಏಳುತ್ತದೆ. ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ ಆ ನೊರೆಯೊಡನೆ ಹೊಟ್ಟಿನ ಚೂರುಗಳೂ ಮೇಲೇರಿ ರಂಧ್ರವನ್ನು ಮುಚ್ಚಬಹುದು. ಆಗ ಸೀಟಿಯ ಸದ್ದಿಲ್ಲ, ಉರಿ ಮಾತ್ರ ನಿಂತಿಲ್ಲ. ಉಷ್ಣತೆ ಏರುತ್ತಲೇ ಹೋಗುತ್ತದೆ. ಆವಿಯ ಒತ್ತಡವು ಉಷ್ಣತೆಯೊಡನೆ ಸಮಪ್ರಮಾಣದಲ್ಲಿ ಏರುವುದಿಲ್ಲವೆಂಬುದನ್ನು ವಾಚಕರು ಇಲ್ಲಿ ನೆನೆಯಬೇಕು. ನೀರಿನ ಆವಿಯ ಒತ್ತಡ ೧೨೦ ಡಿಗ್ರಿಯಲ್ಲಿ ಸುಮಾರು ೨ ವಾಯುಭಾರಗಳಷ್ಟು. ೧೪೦ ಡಿಗ್ರಿಯಲ್ಲಿ ೩.೬, ೧೬೦ರಲ್ಲಿ ೬, ೧೮೦ರಲ್ಲಿ ಸುಮಾರು ೧೦. ಪ್ರತಿ ಇಪ್ಪತ್ತು ಡಿಗ್ರಿಗೂ ಹಿಂದಿನದಕ್ಕಿಂತ ದೊಡ್ಡ ನೆಗೆತ.

ಇಂಥ ವೇಳೆಗಾಗಿಯೇ ಮುಚ್ಚಳದಲ್ಲಿ ಎರಡನೆಯ ಕಾವಲುಗಾರನಿರುತ್ತಾನೆ. ಇದೇ ಸುರಕ್ಷಾ ಕವಾಟ. ಅದರ ಒಂದು ಬಗೆಯಲ್ಲಿ ಚಿಕ್ಕ ರಂಧ್ರವೊಂದನ್ನು ಬೇಗ ಕರಗುವ ಮಿಶ್ರಲೋಹದಿಂದ ಮುಚ್ಚಿರುತ್ತಾರೆ. ತವರ ಕರಗುವುದು ೨೩೨ ಡಿಗ್ರಿಯಲ್ಲಿ. ಬಿಸ್ಮತ್ ೨೭೧ ಡಿಗ್ರಿಯಲ್ಲಿ. ಆದರೆ ೫೮ ಭಾಗ ಬಿಸ್ಮತ್ತಿಗೆ ೪೨ ಭಾಗ ತವರವನ್ನು ಬೆರಸಿದರೆ ಆ ಮಿಶ್ರಣವು ೧೩೮ ಡಿಗ್ರಿಗೇ ಕರಗಿಹೋಗುತ್ತದೆ. ಎರಡು ಲೋಹಗಳು ಕೂಡಿದಾಗ ಎರಡಕ್ಕಿಂತಲೂ ಬೇಗ ಕರಗುವುದು ಪ್ರಕೃತಿಯ ಒಂದು ಸೋಜಿಗ. ಇಂಥ ಕವಾಟವಿರುವ ಪಾತ್ರೆಯ ಉಷ್ಣತೆ ಎಲ್ಲೆ ಮೀರಿದಾಗ ಲೋಹದ ಬಿರಡೆ ಕರಗಿ ಬಿದ್ದು ಆವಿಗೆ ದಾರಿಯಾಗುತ್ತದೆ. ಅಡಿಗೆ ಕೆಡುತ್ತದೆ, ಅಡಿಗೆ ಮಾಡುವವರು ಉಳಿಯುತ್ತಾರೆ.

ಲೋಹಗಳ ಪ್ರಮಾಣ ತಪ್ಪಿದರೇನು? ಕರಗುವಿಕೆ ಒಂದೇ ಉಷ್ಣತೆಯಲ್ಲಿ ಮುಗಿಯದೆ ಮೇಲಮೇಲಕ್ಕೆ ಸರಿಯುತ್ತದೆ. ೧೩೮ರಲ್ಲಿ ಬೀಳಬೇಕಾದ ಬಿರಡೆ ೧೭೦ರಲ್ಲಿಯೂ ಬೀಳದಿರಬಹುದು. ಅಷ್ಟು ಹೊತ್ತಿಗೆ ೨೦ ಸೆಂಟಿಮೀಟರ್ ಮುಚ್ಚಳದ ಮೇಲಿನ ಬಲ ೨೦ ಕ್ವಿಂಟಲನ್ನು ಮೀರಿರುತ್ತದೆ. ಸರಿಯಾದ ಬಿರಡೆಯೂ ತಪ್ಪು ಬಿರಡೆಯೂ ಕಣ್ಣಿಗೆ ಒಂದೇ ತೆರನಾದ ಬೂದುಬಣ್ಣದ ಲೋಹ.

ಅಕ್ಕನ ಪ್ರಶ್ನೆಗೆ ಉತ್ತರ

ಈಗ ಅಕ್ಕನ ಮಾತಿಗೆ ಬರೋಣ. ಏಳುನೂರು ದಿನ ಕೆಲಸ ಮಾಡಿದುದು ಮೊದಲನೆಯ ಕಾವಲುಗಾರ. ಎರಡನೆಯವನು ಒಂದು ದಿನವಾದರೂ ಕೆಲಸ ಮಾಡಿಲ್ಲ. ಮಾಡುವ ಪ್ರಸಂಗವೇ ಬಂದಿಲ್ಲ. ಸೀಟಿ ಸರಿಯಾಗಿ ಹೊಡೆಯುತ್ತದೆಂಬುದು ಸೀಟಿಯ ಯೋಗ್ಯತೆಗೆ ಸಾಕ್ಷಿಯಾದೀತೇ ವಿನಾ ಸುರಕ್ಷಾ ಕವಾಟಕ್ಕೆ ಸಾಕ್ಷಿಯಾಗಲಾರದು. ದಿನನಿತ್ಯದ ಅನುಭವ ಎಷ್ಟೇ ದೀರ್ಘವಾಗಿದ್ದರೂ ಈ ವಿಷಯದಲ್ಲಿ ಅದು ಮೂಕ.

ಹಾಗಾದರೆ ಕವಾಟವನ್ನು ಪರೀಕ್ಷಿಸಿ ನೋಡಬಾರದೆ? ಕಾಲೇಜಿನ ಪ್ರಯೋಗಶಾಲೆಯಲ್ಲಿ ಅದನ್ನು ಎಣ್ಣೆಯಲ್ಲಿ ಕಾಯಿಸಿ ಉಷ್ಣಮಾಪಕವನ್ನು ನೋಡುವ ಆಸೆ ನನಗೂ ಆಯಿತು. ಆದರೆ ಕರಗುವ ಕವಾಟದ ಪರೀಕ್ಷೆಯೆಂದರೆ ಅದನ್ನು ಕರಗಿಸುವುದೇ. ಕರಗಿದ ಮೇಲೆ ಅದು ಕವಾಟವಾಗಿ ಉಳಿಯದು. ಬೆಂಕಿಕಡ್ಡಿ ಹೊತ್ತುವುದೋ ಇಲ್ಲವೋ ಎಂದು ತಿಳಿಯಬೇಕಾದರೆ ಗೀರಲೇಬೇಕು. ಗೀರಿದ ಕಡ್ಡಿ ಮತ್ತೆ ಉಪಯೋಗಕ್ಕೆ ಬಾರದು. ಆದುದರಿಂದ ಕಾರ್ಖಾನೆಯಲ್ಲಿ ಒಂದೇ ಎರಕದಿಂದ ಬಂದ ತಂಡದಿಂದ ಕೆಲವನ್ನು ಆರಿಸಿ, ಅವುಗಳನ್ನು ಬಲಿಕೊಟ್ಟು, ಉಳಿದವುಗಳ ಗುಣವನ್ನು ಊಹಿಸುತ್ತಾರೆ. ಆರಿಸಿದವುಗಳಲ್ಲಿ ಕೆಲವು ಸೋತರೆ ತಂಡದಲ್ಲಿ ಇನ್ನೂ ಎಷ್ಟೋ ದೋಷಯುಕ್ತವಾಗಿರಬೇಕು. ಆದರೆ ಅವು ಯಾವುವು, ಯಾರ ಮನೆಯಲ್ಲಿವೆ ಎಂದು ಹೇಳುವ ಉಪಾಯವಿಲ್ಲ. ಆಗ ಇಡೀ ತಂಡವನ್ನೇ ಹಿಂದಕ್ಕೆ ಕರೆಸಿಕೊಳ್ಳುವುದೊಂದೇ ಮಾರ್ಗ. ವ್ಯವಹಾರದಲ್ಲಿ ‘ರಿಕಾಲ್’ ಎನ್ನುವುದು ಇದನ್ನೇ. ಅಕ್ಕನ ಕುಕ್ಕರ್ ಕೆಟ್ಟಿದೆಯೆಂದು ಪತ್ರ ಹೇಳಲಿಲ್ಲ. ಕೆಟ್ಟಿಲ್ಲವೆಂದು ಹೇಳಬಲ್ಲವರು ಯಾರೂ ಇಲ್ಲವೆಂದಿತು, ಅಷ್ಟೆ.

ಸಂತೆಯಲ್ಲಿ ಕುಕ್ಕರ್ ರಿಪೇರಿ ಮಾಡುವವನಿಂದ ಬೇರೊಂದು ಕವಾಟ ಹಾಕಿಸಿದರಾಗದೆ ಎಂದು ಅಕ್ಕ ಕೇಳಿದಳು. ಆ ಕವಾಟದ ಲೋಹ ಯಾವುದೆಂದು ಬಲ್ಲವರಾರು? ಕರಗಬೇಕಾದಾಗ ಕರಗದ ಬಿರಡೆಗೂ ಕಬ್ಬಿಣದ ಬೋಲ್ಟಿಗೂ ಭೇದವಿಲ್ಲ. ನಕಲಿ ಬಿಡಿಭಾಗಗಳ ಈ ಪಿಡುಗು ಹೊಸದಲ್ಲ. ಇದರಿಂದ ರೋಸಿಯೇ ಪ್ರೆಸ್ಟೀಜ್ ಸಂಸ್ಥೆಯ ಟಿ. ಟಿ. ಜಗನ್ನಾಥನ್ ಅವರು ಮುಚ್ಚಳದ ಅಂಚಿನಲ್ಲಿ ಒಂದು ಸೀಳುಗಂಡಿಯನ್ನು ಇಡುವ ಉಪಾಯವನ್ನು ರೂಪಿಸಿದರು. ಒತ್ತಡ ಮಿತಿಮೀರಿದರೆ ರಬ್ಬರಿನ ಗ್ಯಾಸ್ಕೆಟ್ಟು ಆ ಗಂಡಿಯ ಮೂಲಕ ಹೊರಕ್ಕೆ ಉಬ್ಬಿ ಆವಿಗೆ ದಾರಿ ಬಿಡುತ್ತದೆ. ಬಿರಡೆ ನಕಲಿಯಾದರೂ ಈ ಗಂಡಿಯನ್ನು ನಕಲು ಮಾಡಿ ಮುಚ್ಚುವಂತಿಲ್ಲ.

ಕಾನೂನಿನ ಕೈ

ತಯಾರಕರು ತಾವಾಗಿ ಕರೆಸಿಕೊಳ್ಳದಿದ್ದರೆ? ನಮ್ಮ ದೇಶದಲ್ಲಿ ಇದಕ್ಕೆ ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮವಿದೆ. ಅದರ ಮೇರೆಗೆ ೨೦೨೦ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಸ್ಥಾಪಿತವಾಯಿತು. ಅಪಾಯಕರವಾದ ಸರಕುಗಳನ್ನು ಹಿಂದಕ್ಕೆ ಕರೆಸುವಂತೆಯೂ ಬೆಲೆಯನ್ನು ಮರಳಿಸುವಂತೆಯೂ ಆಜ್ಞಾಪಿಸಲು ೨೦ನೆಯ ಪ್ರಕರಣವು ಈ ಪ್ರಾಧಿಕಾರಕ್ಕೆ ಅಧಿಕಾರ ಕೊಟ್ಟಿದೆ.

ಈ ಅಧಿಕಾರ ಕುಕ್ಕರಿನ ಮೇಲೆಯೇ ಪ್ರಯೋಗವಾದುದು ನಮಗೆ ಒಳ್ಳೆಯ ಉದಾಹರಣೆ. ೨೦೨೧ರ ಫೆಬ್ರವರಿ ೧ರಿಂದ ಮನೆಬಳಕೆಯ ಪ್ರೆಶರ್ ಕುಕ್ಕರುಗಳು ಐ.ಎಸ್. ೨೩೪೭ ಎಂಬ ಭಾರತೀಯ ಮಾನಕಕ್ಕೆ ಹೊಂದಿ ಐ.ಎಸ್.ಐ. ಮುದ್ರೆ ಪಡೆದಿರಬೇಕೆಂಬುದು ಕಡ್ಡಾಯವಾಯಿತು. ಆ ಬಳಿಕವೂ ಮಾನಕಕ್ಕೆ ಒಳಪಡದ ಕುಕ್ಕರುಗಳು ಅಂತರ್ಜಾಲದ ಮಳಿಗೆಗಳಲ್ಲಿ ಮಾರಾಟವಾಗುತ್ತಿದ್ದುದು ಕಂಡುಬಂದಿತು. ೨೦೨೨ರ ಆಗಸ್ಟಿನಲ್ಲಿ ಪ್ರಾಧಿಕಾರವು ಅಮೆಜಾನ್ ಮೂಲಕ ಮಾರಾಟವಾಗಿದ್ದ ೨,೨೬೫ ಕುಕ್ಕರುಗಳ ಗ್ರಾಹಕರಿಗೆ ವಿಷಯ ತಿಳಿಸಿ, ಕುಕ್ಕರುಗಳನ್ನು ಹಿಂಪಡೆದು, ಹಣವನ್ನು ಮರಳಿಸುವಂತೆ ಆಜ್ಞಾಪಿಸಿ ಒಂದು ಲಕ್ಷ ರೂಪಾಯಿ ದಂಡ ವಿಧಿಸಿತು. ಅದೇ ತಿಂಗಳು ಫ್ಲಿಪ್‌ಕಾರ್ಟ್ ಮೂಲಕ ಮಾರಾಟವಾಗಿದ್ದ ೫೯೮ ಕುಕ್ಕರುಗಳ ಬಗೆಗೂ ಇಂಥದೇ ಆಜ್ಞೆಯಾಯಿತು. ಅಮೆಜಾನ್ ಸಂಸ್ಥೆಯು ಆಜ್ಞೆಯನ್ನು ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಗ್ರಾಹಕರಿಗೆ ವಿಷಯವನ್ನು ತಿಳಿಸುವಂತೆ ನ್ಯಾಯಾಲಯವು ಆ ವರ್ಷದ ಸೆಪ್ಟೆಂಬರಿನಲ್ಲಿ ನಿರ್ದೇಶಿಸಿತು.

ಇಲ್ಲಿ ಪ್ರಶ್ನೆಯಿದ್ದುದು ಕುಕ್ಕರುಗಳು ಸಿಡಿದುವೇ ಎಂಬುದಲ್ಲ. ಅವು ಮಾನಕದ ಪರೀಕ್ಷೆಗೆ ಒಳಗಾಗಿದ್ದುವೇ ಎಂಬುದು. ಹಿಂದಕ್ಕೆ ಕರೆಸುವ ಕ್ರಮವು ಅಪಘಾತಕ್ಕಾಗಿ ಕಾಯುವಂತಿಲ್ಲ. ಕಾದರೆ ಅದಕ್ಕೆ ಅರ್ಥವೇ ಇಲ್ಲ.

ಪತ್ರ ತಲಪದ ಮನೆಗಳು

ಆಜ್ಞೆ ಹೊರಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಸುದ್ದಿ ಒಲೆಯ ಮುಂದೆ ನಿಂತವರಿಗೆ ತಲಪಬೇಕು. ಜಪಾನಿನ ಮತ್ಸುಶಿತ ಸಂಸ್ಥೆಯ ಅನುಭವವು ಇದಕ್ಕೆ ನಿದರ್ಶನ. ಇಂದು ಪ್ಯಾನಸೋನಿಕ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಈ ಸಂಸ್ಥೆಯು ೧೯೮೫ರಿಂದ ೧೯೯೨ರವರೆಗೆ ಕೋಣೆಯನ್ನು ಬೆಚ್ಚಗಿಡುವ ಸೀಮೆಎಣ್ಣೆಯ ಹೀಟರುಗಳನ್ನು ತಯಾರಿಸಿತ್ತು. ಅವುಗಳ ಗಾಳಿಯ ರಬ್ಬರ್ ಕೊಳವೆ ಹಳತಾಗಿ ಬಿರುಕುಬಿಟ್ಟು, ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡು ಕೋಣೆಯೊಳಕ್ಕೆ ಸೋರಿ ಸಾವುಗಳು ಸಂಭವಿಸಿದುವು. ೨೦೦೫ರಲ್ಲಿ ಕರೆಸಿಕೊಳ್ಳುವ ಕ್ರಮ ಆರಂಭವಾಯಿತು. ಹೀಟರುಗಳು ಇದ್ದುದು ಸುಮಾರು ಒಂದೂವರೆ ಲಕ್ಷ. ಆದರೆ ಯಾರ ಮನೆಯಲ್ಲಿ ಯಾವುದಿದೆಯೆಂದು ತಿಳಿಯದೆ ಸಂಸ್ಥೆಯು ದೇಶದ ಎಲ್ಲ ಮನೆಗಳಿಗೂ, ಎಂದರೆ ಸುಮಾರು ೬ ಕೋಟಿ ವಿಳಾಸಗಳಿಗೆ, ಅಂಚೆಕಾರ್ಡುಗಳನ್ನು ಕಳುಹಿಸಬೇಕಾಯಿತು. ಹತ್ತು ವರ್ಷಗಳ ಮೇಲೂ ಹುಡುಕಾಟ ನಿಂತಿರಲಿಲ್ಲ.

ನಮ್ಮ ಕಡೆ ತೊಡಕು ಇನ್ನೂ ಹೆಚ್ಚು. ಕುಕ್ಕರನ್ನು ಕೊಂಡವರು ಒಬ್ಬರು, ಬಳಸುವವರು ಮತ್ತೊಬ್ಬರು. ಸಂತೆಯಲ್ಲಿ ಕೊಂಡುದಕ್ಕೆ ಬಿಲ್ಲೇ ಇರುವುದಿಲ್ಲ. ಮದುವೆಯಲ್ಲಿ ಮೂರು ಕುಕ್ಕರುಗಳು ಬಂದರೆ ಎರಡು ಪೆಟ್ಟಿಗೆ ಬಿಚ್ಚದೆಯೇ ಮುಂದಿನ ಮದುವೆಗೆ ಹೋಗುತ್ತವೆ.

ಆದುದರಿಂದ ಕೊಳ್ಳುವಾಗಲೇ ಕೆಲವು ಎಚ್ಚರಿಕೆಗಳು ಅವಶ್ಯ. ಐ.ಎಸ್.ಐ. ಮುದ್ರೆಯ ಬಳಿ ಮಾನಕದ ಸಂಖ್ಯೆಯೂ ‘ಸಿ.ಎಂ./ಎಲ್’ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರುತ್ತವೆ. ಭಾರತೀಯ ಮಾನಕ ಬ್ಯೂರೋದ ‘ಬಿ.ಐ.ಎಸ್. ಕೇರ್’ ಎಂಬ ಮೊಬೈಲ್ ಅನ್ವಯದಲ್ಲಿ ಈ ಸಂಖ್ಯೆಯನ್ನು ಕೊಟ್ಟು ಅದು ನಿಜವೋ ಅಲ್ಲವೋ ಎಂದು ನೋಡಬಹುದು. ಬಿಲ್ಲನ್ನು ಪಡೆದು, ಕುಕ್ಕರಿನ ತಂಡಸಂಖ್ಯೆಯನ್ನು ಅದರ ಹಿಂದೆ ಬರೆದಿಡಬೇಕು. ಉಡುಗೊರೆ ಕೊಡುವವರು ಬಿಲ್ಲಿನ ಪ್ರತಿಯನ್ನೂ ಜೊತೆಗೆ ಕೊಡುವುದು ಲೇಸು.

ಕರೆಸಿಕೊಳ್ಳುವ ಸುದ್ದಿ ಬಂದಾಗ ಮಾಡಬೇಕಾದುದೂ ಸರಳವೇ. ಮೊದಲು ತಂಡಸಂಖ್ಯೆಯನ್ನು ಹೋಲಿಸಿ ನೋಡಬೇಕು. ಹೊಂದಿದರೆ ಅಂದಿನಿಂದಲೇ ಬಳಕೆಯನ್ನು ನಿಲ್ಲಿಸಬೇಕು. ಅದನ್ನು ಗುಜರಿಗೆ ಮಾರುವುದಾಗಲಿ ಮನೆಗೆಲಸದವರಿಗೆ ಕೊಡುವುದಾಗಲಿ ಕೂಡದು. ಅಪಾಯವನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಸಾಗಿಸಿದಂತಾದೀತು. ಹಿಂತಿರುಗಿಸಿದುದಕ್ಕೆ ರಸೀದಿ ಪಡೆಯಬೇಕು. ಮಾರಿದವರು ಕೈತೊಳೆದುಕೊಂಡರೆ ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಉಂಟು. ಜಿಲ್ಲಾಧಿಕಾರಿಗಳಿಗೂ ದೂರು ಸಲ್ಲಿಸಬಹುದು. ನಷ್ಟಪರಿಹಾರ ಬೇಕಾದವರು ಕಲಬುರಗಿಯಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗದ ಮೊರೆಹೋಗಬಹುದು.

ಅಕ್ಕ ಕುಕ್ಕರನ್ನು ಕೊಟ್ಟಳು. ಹೊಸತು ಬರುವವರೆಗೆ ಬೇಳೆಯನ್ನು ನೆನೆಹಾಕಿ ತೆರೆದ ಪಾತ್ರೆಯಲ್ಲಿ ಬೇಯಿಸಿದಳು; ಗ್ಯಾಸ್ ಹೆಚ್ಚು ಖರ್ಚಾಯಿತೆಂದು ನನ್ನನ್ನು ಬೈದುದೂ ಉಂಟು. ನನ್ನನ್ನು ಕಾಡಿದುದು ಎರಡನೆಯ ಕುಕ್ಕರ್. ಚಿಂಚೋಳಿಯ ದಂಪತಿಗಳು ಅದನ್ನು ಬಿಚ್ಚದೆಯೇ ಬೇರೊಂದು ಮದುವೆಗೆ ಕೊಟ್ಟಿದ್ದರು. ಆ ಮನೆಯವರು ಮತ್ತೊಬ್ಬರಿಗೆ ಕೊಟ್ಟಿದ್ದರು. ಮೂರು ವಾರಗಳ ವಿಚಾರಣೆಯ ಬಳಿಕ ಅದು ಆಳಂದದ ಒಂದು ಮನೆಯಲ್ಲಿ ಸಿಕ್ಕಿತು. ನಾನು ಹೋದಾಗ ಅದು ಒಲೆಯ ಮೇಲೆಯೇ ಇದ್ದಿತು. ತಂಡಸಂಖ್ಯೆಯನ್ನು ನೋಡಬೇಕಾಗಿದ್ದುದರಿಂದ ಉರಿಯನ್ನು ಆರಿಸಲು ಹೇಳಿ, ಒತ್ತಡ ತಾನಾಗಿ ಇಳಿಯುವವರೆಗೆ ನಾವೆಲ್ಲ ಹೊರಗಿನ ಕಟ್ಟೆಯ ಮೇಲೆ ಕುಳಿತು ಕಾದೆವು. ಸಂಖ್ಯೆ ಹೊಂದಿತು. ಅಂಥ ಪತ್ರವೊಂದು ಹೊರಟಿದೆಯೆಂಬುದೇ ಆ ಮನೆಯವರಿಗೆ ತಿಳಿದಿರಲಿಲ್ಲ.